ಡೈರೆಕ್ಟ್ ಡೆಬಿಟ್ ನಿಲ್ಲಿಸಿ ವಿಮಾನ ಹತ್ತಬೇಡ

ತಂಗಿ,

ಮೊದಲು ನೇರ ಉತ್ತರ. ಆಸ್ಟ್ರೇಲಿಯಾಕ್ಕೆ ಹೊರಟಿದ್ದೇನೆ ಎಂಬ ಕಾರಣಕ್ಕೆ ಬ್ರಿಟನ್ನಿನ ಮೊಬೈಲ್ ಕಂಪೆನಿ ನಿನ್ನನ್ನು ಒಪ್ಪಂದದಿಂದ ಪುಕ್ಕಟೆಯಾಗಿ ಬಿಡುವುದಿಲ್ಲ. ಬಿಡಲೇಬೇಕೆಂಬ ಕಾನೂನೂ ಇಲ್ಲ. ಹಾಗೆಂದು ಉಳಿದ ಹದಿನಾಲ್ಕು ತಿಂಗಳ ಹಣವನ್ನೆಲ್ಲ ಈಗಲೇ ಸುರಿದು ಹೋಗಬೇಕೆಂದೂ ಇಲ್ಲ. ಬಿಲ್ಲಿನ ಹಣ ಪ್ರತಿ ತಿಂಗಳು ಖಾತೆಯಿಂದ ತನ್ನಷ್ಟಕ್ಕೇ ಹೋಗುವ ಏರ್ಪಾಟನ್ನು, ಅಂದರೆ ಡೈರೆಕ್ಟ್ ಡೆಬಿಟ್ಟನ್ನು, ಬ್ಯಾಂಕಿನಲ್ಲಿ ರದ್ದು ಮಾಡಿ, ಸಿಮ್ ಬಿಸಾಡಿ ಹೊರಡುವ ಯೋಚನೆಯನ್ನು ಮಾತ್ರ ಇವತ್ತೇ ಬಿಟ್ಟುಬಿಡು.

ನೀನು ಬರೆದದ್ದು ಇಷ್ಟು: ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ 24 ತಿಂಗಳ ಒಪ್ಪಂದಕ್ಕೆ ಸಹಿ ಹಾಕಿ ಹೊಸ ಫೋನ್ ತೆಗೆದುಕೊಂಡೆ. ಹತ್ತು ತಿಂಗಳು ಕಳೆದಿದೆ, ತಿಂಗಳಿಗೆ 43 ಪೌಂಡ್ ಹೋಗುತ್ತಿದೆ. ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸ ಸಿಕ್ಕಿದೆ. ಜತೆಗಿರುವ ಹುಡುಗಿ, ಬ್ಯಾಂಕಿನಲ್ಲಿ ನಿಲ್ಲಿಸಿಬಿಡು, ಅಷ್ಟು ದೂರ ಯಾರು ಹುಡುಕಿಕೊಂಡು ಬರುತ್ತಾರೆ ಎನ್ನುತ್ತಾಳೆ. ದುಬೈಯಲ್ಲಿರುವ ನಿನ್ನ ಮಾವ, ಬಾಕಿ ಇಟ್ಟರೆ ವಿಮಾನ ನಿಲ್ದಾಣದಲ್ಲೇ ತಡೆದು ನಿಲ್ಲಿಸುತ್ತಾರೆ ಎನ್ನುತ್ತಾರೆ.

ಇಬ್ಬರ ಮಾತೂ ಸರಿಯಲ್ಲ. ಮಾವನದ್ದು ಗಲ್ಫಿನ ಅನುಭವ. ಮಂಗಳೂರು, ಉಡುಪಿಯ ಕಡೆ ಪರದೇಶದ ಬಗ್ಗೆ ಓಡಾಡುವ ಬುದ್ಧಿಮಾತುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬಂದದ್ದು. ಅಲ್ಲಿ ಸಾಲದ ಬಾಕಿಯ ಮೇಲೆ ಪ್ರಕರಣ ಹಾಕಿದರೆ ದೇಶ ಬಿಡದಂತೆ ತಡೆ ಬೀಳುವುದುಂಟು. ಬ್ರಿಟನ್ನಿನಲ್ಲಿ ಮೊಬೈಲ್ ಬಿಲ್ಲಿನ ಬಾಕಿ ಸಿವಿಲ್ ವ್ಯವಹಾರ. ಅದಕ್ಕಾಗಿ ಹೀಥ್ರೂವಿನಲ್ಲಿ ಯಾರೂ ನಿನ್ನ ಕೈ ಹಿಡಿದು ನಿಲ್ಲಿಸುವುದಿಲ್ಲ. ನಾನೀಗ ರಜೆಯಲ್ಲಿ ಉಡುಪಿಯಲ್ಲಿದ್ದೇನೆ. ಮೊನ್ನೆ ರಥಬೀದಿಯಲ್ಲಿ ನಿನ್ನ ಅಮ್ಮ ಸಿಕ್ಕಿ, ಕುಶಲ ಕೇಳುವ ಮೊದಲೇ, ಪೊಲೀಸ್ ಕೇಸು ಗೀಸು ಆಗುವುದಿಲ್ಲವಷ್ಟೆ ಎಂದರು. ಇಲ್ಲ ಎಂದು ಧೈರ್ಯ ಹೇಳಿದ್ದೇನೆ. ಇನ್ನು ಮಾವನೊಂದಿಗೆ ಈ ವಿಷಯ ಚರ್ಚಿಸಬೇಡ, ಅವರು ಅಮ್ಮನಿಗೆ ಫೋನ್ ಮಾಡಿ ಮತ್ತೆ ಹೆದರಿಸುತ್ತಾರೆ.

ಗೆಳತಿಯ ಮಾತು ಇದಕ್ಕಿಂತ ಅಪಾಯದ್ದು, ಏಕೆಂದರೆ ಮೊದಲ ಕೆಲವು ವಾರ ಅದು ನಿಜವೆಂದೇ ಕಾಣುತ್ತದೆ. ಡೈರೆಕ್ಟ್ ಡೆಬಿಟ್ ಎಂಬುದು ಹಣ ಕೊಡುವ ದಾರಿ ಮಾತ್ರ. ದಾರಿ ಮುಚ್ಚಿದರೂ ಒಪ್ಪಂದ ಉಳಿದೇ ಇರುತ್ತದೆ, ಬಿಲ್ಲೂ ಬರುತ್ತಲೇ ಇರುತ್ತದೆ. ಕೆಲವು ತಿಂಗಳ ಬಾಕಿಯಾದ ಮೇಲೆ ಕಂಪೆನಿ ಅದನ್ನು ಡಿಫಾಲ್ಟ್, ಅಂದರೆ ಕಟ್ಟದೆ ಬಿಟ್ಟ ಸಾಲ, ಎಂದು ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್‌ನಂತಹ, ಜನರ ಸಾಲದ ಚರಿತ್ರೆ ಇಡುವ ಸಂಸ್ಥೆಗಳಲ್ಲಿ ದಾಖಲಿಸುತ್ತದೆ. ಆ ದಾಖಲೆ 6 ವರ್ಷ ಅಳಿಯುವುದಿಲ್ಲ. ಸಾಲ ವಸೂಲಿ ಮಾಡುವವರ ಪತ್ರಗಳು ನೀನು ಬಿಟ್ಟುಹೋದ ಮನೆಗೆ ಬರುತ್ತವೆ, ಅಲ್ಲಿರುವ ನಮ್ಮ ಹುಡುಗಿಯರು ಅವನ್ನು ಒಡೆದು ನೋಡಿ ಗಾಬರಿಯಾಗುತ್ತಾರೆ. ಮತ್ತೆ ಬ್ರಿಟನ್ನಿಗೆ ಬರುವುದಿಲ್ಲ ಎಂದು ಈಗ ನಿನಗೆ ಅನ್ನಿಸಬಹುದು. ಆಸ್ಟ್ರೇಲಿಯಾಕ್ಕೆ ಹೋಗಿ, ಮಕ್ಕಳಾಗಿ, ಗಂಡನ ಕೆಲಸಕ್ಕೆಂದು ತಿರುಗಿ ಬಂದ ನರ್ಸುಗಳನ್ನು ನಾನು ಬಲ್ಲೆ. ಬಾಡಿಗೆ ಮನೆ ಕೇಳುವಾಗ, ಕಾರಿನ ಸಾಲ ಕೇಳುವಾಗ ಆ ಹಳೆಯ ಕಲೆ ಎದ್ದು ಬರುತ್ತದೆ.

ಈಗ ನಿನ್ನ ಬಿಲ್ಲಿಗೆ ಬರೋಣ. ನೀನು ಕಳುಹಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ದಪ್ಪ ಅಕ್ಷರದಲ್ಲಿ 43 ಎಂದಿದೆ, ನಿನ್ನ ಕಣ್ಣು ಅಲ್ಲಿಗೇ ನಿಂತಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲುಗಳಿವೆ: ಡಿವೈಸ್ ಪ್ಲಾನ್ 25 ಪೌಂಡ್, ಏರ್‌ಟೈಮ್ ಪ್ಲಾನ್ 18 ಪೌಂಡ್. ಅಂದರೆ ನೀನು ಒಂದಲ್ಲ, ಎರಡು ಕಾಗದಕ್ಕೆ ಸಹಿ ಹಾಕಿದ್ದೀಯ. ಕಂತಿನಲ್ಲಿ ತಂದ ಫ್ರಿಜ್ಜು ಬೇರೆ, ಮೆಸ್ಕಾಂ ಬಿಲ್ಲು ಬೇರೆ ಅಲ್ಲವೇ, ಹಾಗೆ. ಮೊದಲನೆಯದು ಫೋನಿನ ಸಾಲ. ನಿನ್ನ ಕಾಗದದಲ್ಲಿ ಅದಕ್ಕೆ ಬಡ್ಡಿ ಸೊನ್ನೆ ಎಂದು ಬರೆದಿದೆ. ಎರಡನೆಯದು ಕರೆ ಮತ್ತು ಇಂಟರ್ನೆಟ್ಟಿನ ತಿಂಗಳ ಸೇವೆ. ಎಲ್ಲ ಕಂಪೆನಿಗಳೂ ಹೀಗೆ ಬೇರೆ ಬೇರೆ ಬರೆಯುವುದಿಲ್ಲ, ಕೆಲವರು ಎರಡನ್ನೂ ಒಂದೇ ಮೊತ್ತದಲ್ಲಿ ಸೇರಿಸುತ್ತಾರೆ. ನಿನ್ನದು ಬೇರೆಯಾಗಿರುವುದು ಒಳ್ಳೆಯದಾಯಿತು.

ಫೋನಿನ ಬಾಕಿ 14 ತಿಂಗಳಿಗೆ 350 ಪೌಂಡ್. ಇದರಿಂದ ತಪ್ಪಿಸಿಕೊಳ್ಳುವ ಮಾತೇ ಇಲ್ಲ, ವಸ್ತು ನಿನ್ನ ಕೈಯಲ್ಲಿದೆ. ಆದರೆ ಅವಸರದಿಂದ ಒಟ್ಟಿಗೆ ಕಟ್ಟುವ ಅಗತ್ಯವೂ ಇಲ್ಲ. ಬಡ್ಡಿಯಿಲ್ಲದ ಸಾಲವನ್ನು ಮುಂಚಿತವಾಗಿ ತೀರಿಸಿ ಯಾರಿಗೆ ಉಪಕಾರ? ಬ್ರಿಟನ್ನಿನ ಬ್ಯಾಂಕ್ ಖಾತೆಯನ್ನು ಮುಚ್ಚದೆ ಅಷ್ಟು ಹಣ ಅದರಲ್ಲಿಟ್ಟು ಹೋದರೆ ಪ್ರತಿ ತಿಂಗಳು ತನ್ನಷ್ಟಕ್ಕೇ ಕಳೆಯುತ್ತದೆ. ಖಾತೆ ಹೇಗೂ ಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪಿಂಚಣಿ ಯೋಜನೆಯಲ್ಲಿ ಎರಡು ವರ್ಷ ತುಂಬದೆ ಬಿಟ್ಟವರು ತಾವು ಕಟ್ಟಿದ ವಂತಿಗೆಯನ್ನು ಹಿಂದಕ್ಕೆ ಕೇಳಬಹುದು, ತೆರಿಗೆ ಹೆಚ್ಚು ಕಡಿತವಾಗಿದ್ದರೆ ದೇಶ ಬಿಡುವವರು ತೆರಿಗೆ ಇಲಾಖೆಗೆ ಕೊಡುವ ಪಿ85 ಅರ್ಜಿ ಹಾಕಿ ಅದನ್ನೂ ಕೇಳಬಹುದು. ಎರಡೂ ಬರುವುದು ನೀನು ಹೋದ ಮೇಲೆ. ಫೋನನ್ನು ಪರ್ತ್‌ಗೆ ಒಯ್ಯುವುದಕ್ಕೆ ಅಡ್ಡಿಯಿಲ್ಲ. 2021ರ ಡಿಸೆಂಬರ್‌ನಿಂದ ಬ್ರಿಟನ್ನಿನ ಕಂಪೆನಿಗಳು ತಮ್ಮ ಸಿಮ್‌ಗೆ ಮಾತ್ರ ಲಾಕ್ ಆದ ಫೋನ್ ಮಾರುವಂತಿಲ್ಲ, ಆದ್ದರಿಂದ ಅಲ್ಲಿಯ ಸಿಮ್ ಹಾಕಿದರೂ ಓಡುತ್ತದೆ.

ಲೆಕ್ಕ ಹಾಕಬೇಕಾದದ್ದು ಆ 18 ಪೌಂಡಿನ ಸಾಲಿನದ್ದು. 14 ತಿಂಗಳಿಗೆ 252 ಪೌಂಡ್ ಆಗುತ್ತದೆ, ಏಪ್ರಿಲ್‌ನ ಬೆಲೆ ಏರಿಕೆ ಬೇರೆ. ಕಂಪೆನಿಗೆ ಫೋನ್ ಮಾಡುವ ಮೊದಲು ಒಂದು ಕೆಲಸ ಮಾಡು. ಅದೇ ಸಿಮ್‌ನಿಂದ ಇಂಗ್ಲಿಷಿನಲ್ಲಿ ಇನ್ಫೋ ಎಂದು ನಾಲ್ಕಕ್ಷರ ಬರೆದು 85075ಕ್ಕೆ ಸಂದೇಶ ಕಳುಹಿಸು. ಹಣ ಕಡಿತವಾಗುವುದಿಲ್ಲ. ಇವತ್ತೇ ಬಿಟ್ಟರೆ ಎಷ್ಟು ಕೊಡಬೇಕು ಎಂಬ ಅಂಕಿ ಸಂದೇಶದಲ್ಲೇ ಬರುತ್ತದೆ. 2019ರ ಜುಲೈಯಿಂದ ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಈ ಏರ್ಪಾಟನ್ನು ಕಡ್ಡಾಯ ಮಾಡಿದೆ. ಇದು ಬರೀ ವಿಚಾರಣೆ, ಒಪ್ಪಂದಕ್ಕೆ ಏನೂ ಆಗುವುದಿಲ್ಲ. ಆ ಅಂಕಿ ಕೈಯಲ್ಲಿದ್ದರೆ ಫೋನಿನ ಆಚೆ ಬದಿಯವರು ಹೇಳುವ ಮೊತ್ತವನ್ನು ತಾಳೆ ನೋಡಬಹುದು.

ಆಮೇಲೆ ಫೋನ್ ಮಾಡಿ, ಬಿಡುತ್ತೇನೆ ಎನ್ನುವ ಬದಲು, ಇರುವುದರಲ್ಲಿ ಅತಿ ಅಗ್ಗದ ಸೇವೆಗೆ ಇಳಿಸಿಕೊಡಿ ಎಂದು ಕೇಳು. ಒಪ್ಪಂದದ ನಡುವೆಯೇ ಕೆಳಗಿಳಿಯಲು ಬಿಡುವ ಕಂಪೆನಿಗಳಿವೆ. ಉದಾಹರಣೆಗೆ 8 ಪೌಂಡಿನದ್ದಕ್ಕೆ ಇಳಿಸಿದರು ಎಂದಿಟ್ಟುಕೊಳ್ಳೋಣ: 14 ತಿಂಗಳಿಗೆ 112. ಸಂದೇಶದಲ್ಲಿ ಬಂದ ಬಿಡುಗಡೆ ಶುಲ್ಕ 220 ಆಗಿದ್ದರೆ ಬಿಡುವುದಕ್ಕಿಂತ ಇಳಿಸಿ ಇಟ್ಟುಕೊಳ್ಳುವುದೇ ಲಾಭ, ಜತೆಗೆ ನಂಬರೂ ಉಳಿಯುತ್ತದೆ. ಶುಲ್ಕವೇ ನೂರರ ಒಳಗಿದ್ದರೆ ಕೊಟ್ಟು ಕೈ ತೊಳೆದುಕೊ. ಕೆಲವು ಕಡೆ ಫೋನಿನ ಸಾಲ ಪೂರ್ತಿ ತೀರಿಸಿದರೆ ಸೇವೆಯನ್ನು ತಿಂಗಳ ನೋಟಿಸಿನಲ್ಲಿ ಬಿಡಬಹುದು ಎಂಬ ನಿಯಮ ಇರುತ್ತದೆ. ನಿನ್ನ ಒಪ್ಪಂದದಲ್ಲಿ ಆ ಸಾಲು ಇದ್ದರೆ ಮೇಲೆ ಹೇಳಿದ ಬುದ್ಧಿವಾದವೆಲ್ಲ ತಿರುಗಿಬೀಳುತ್ತದೆ, 350 ಕಟ್ಟಿ ಹೊರಟುಬಿಡುವುದೇ ಜಾಣತನ. ಆದ್ದರಿಂದ ಒಪ್ಪಂದವನ್ನು ಪೂರ್ತಿ ಓದು. ರಾತ್ರಿ ಪಾಳಿಯಲ್ಲಿ ಓದಬೇಡ.

ಒಪ್ಪಂದವನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲೂ ಕೆಲವು ಕಂಪೆನಿಗಳು ಒಪ್ಪುತ್ತವೆ. ಆದರೆ ಅವರ ಸಾಲದ ಚರಿತ್ರೆ ಪರೀಕ್ಷಿಸಿ, ಅವರ ಸಹಿ ಪಡೆದ ಮೇಲೆ. ಸಿಮ್ ಕೊಟ್ಟು, ನೀನೇ ಕಟ್ಟಿಕೊಂಡು ಹೋಗು ಎಂದು ಬಾಯಿಮಾತಿನಲ್ಲಿ ಮುಗಿಸಬೇಡ. ಬಿಲ್ಲು ನಿನ್ನ ಹೆಸರಿನಲ್ಲೇ ಇರುತ್ತದೆ, ಸ್ನೇಹ ಮಾತ್ರ ಹೋಗುತ್ತದೆ.

ಬೆಲೆ ಏರಿಸಿದರೆ ದಂಡವಿಲ್ಲದೆ ಬಿಡಬಹುದಂತೆ ಎಂದೂ ಕೇಳಿದ್ದೀಯ. ಒಪ್ಪಂದದಲ್ಲಿ ಹೇಳದ ಏರಿಕೆ ಮಾಡಿದರೆ ಮಾತ್ರ. 2025ರ ಜನವರಿ 17ರಿಂದ ಮಾಡಿಕೊಂಡ ಒಪ್ಪಂದಗಳಲ್ಲಿ ಮುಂದಿನ ಏರಿಕೆ ಎಷ್ಟು ಪೌಂಡ್, ಎಷ್ಟು ಪೆನ್ಸ್ ಎಂದು ಮೊದಲೇ ಬರೆದಿರಬೇಕು. ಬರೆದಷ್ಟೇ ಏರಿಸಿದರೆ ನೀನು ಒಪ್ಪಿದ್ದೀಯ ಎಂದೇ ಅರ್ಥ. ಆ ಬಾಗಿಲು ನಿನಗೆ ತೆರೆಯುವ ಹಾಗೆ ಕಾಣುವುದಿಲ್ಲ.

ಬಿಡುವುದೆಂದು ನಿಶ್ಚಯಿಸಿದರೆ ನಂಬರನ್ನು ಕಳೆದುಕೊಳ್ಳಬೇಡ. ಬ್ಯಾಂಕಿನ ಒಟಿಪಿ, ತೆರಿಗೆ ಇಲಾಖೆಯ ಸಂಕೇತ, ಎಲ್ಲವೂ ಆ ನಂಬರಿಗೇ ಬರುತ್ತವೆ. ಪರ್ತ್‌ಗೆ ಹೋಗಿ ಕುಳಿತ ಮೇಲೆ ಬ್ಯಾಂಕಿನವರಿಗೆ ನೀನು ನೀನೇ ಎಂದು ಸಾಬೀತುಪಡಿಸುವುದು ದೊಡ್ಡ ರಗಳೆ. ಊರಿನಲ್ಲಿದ್ದಾಗ 1900ಕ್ಕೆ ಪೋರ್ಟ್ ಸಂದೇಶ ಕಳುಹಿಸಿ ಕಂಪೆನಿ ಬದಲಿಸಿದವಳಲ್ಲವೇ ನೀನು, ಇದೂ ಅದೇ ಕ್ರಮ. ಇಂಗ್ಲಿಷಿನಲ್ಲಿ ಪಿ, ಎ, ಸಿ ಎಂಬ ಮೂರಕ್ಷರವನ್ನು 65075ಕ್ಕೆ ಕಳುಹಿಸಿದರೆ ಒಂದು ಸಂಕೇತ ಬರುತ್ತದೆ. 30 ದಿನ ಅದಕ್ಕೆ ಜೀವ. ತಿಂಗಳ ಬಾಡಿಗೆಯಿಲ್ಲದ, ಹಣ ತುಂಬಿ ಬಳಸುವ ಸಿಮ್ ಒಂದನ್ನು ತೆಗೆದುಕೊಂಡು ಅವರಿಗೆ ಆ ಸಂಕೇತ ಕೊಟ್ಟರೆ ಒಂದು ಕೆಲಸದ ದಿನದಲ್ಲಿ ನಂಬರು ಅಲ್ಲಿಗೆ ಬರುತ್ತದೆ. ಸಂಕೇತ ತರಿಸಿಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ. ಅದನ್ನು ಬಳಸಿದ ಗಳಿಗೆಗೆ ಹಳೆಯ ಸೇವೆ ಮುಗಿಯುತ್ತದೆ, ಬಿಡುಗಡೆ ಶುಲ್ಕ ಕೊನೆಯ ಬಿಲ್ಲಿನಲ್ಲಿ ಒಟ್ಟಿಗೇ ಬೀಳುತ್ತದೆ. ಸಂಬಳ ಬಂದ ವಾರದಲ್ಲಿ ಮಾಡು. ಇದೆಲ್ಲವೂ ಬ್ರಿಟನ್ನಿನಲ್ಲಿ ಇರುವಾಗಲೇ ಮುಗಿಯಬೇಕು. ಅಂತಹ ಸಿಮ್‌ಗಳನ್ನು ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೆ ಕಂಪೆನಿಯವರು ನಂಬರನ್ನು ಹಿಂದಕ್ಕೆ ಪಡೆಯುತ್ತಾರೆ, ಆದ್ದರಿಂದ ಆಗೊಮ್ಮೆ ಈಗೊಮ್ಮೆ ಅದರಿಂದ ಒಂದು ಸಂದೇಶ ಕಳುಹಿಸುತ್ತಿರು. ಆಸ್ಟ್ರೇಲಿಯಾದಲ್ಲಿ ರೋಮಿಂಗ್ ಇದೆಯೇ ಎಂದು ಕೊಳ್ಳುವಾಗಲೇ ವಿಚಾರಿಸು.

ಕೊನೆಯ ಬಿಲ್ಲನ್ನು ಇಮೇಲಿಗೆ ತರಿಸಿಕೊ, ಬಾಕಿ ಏನೂ ಇಲ್ಲ ಎಂದು ಬರಹದಲ್ಲಿ ಕೇಳಿ ಪಡೆ. ಲೆಕ್ಕದಲ್ಲಿ ತಕರಾರಿದ್ದರೆ ಮೊದಲು ಕಂಪೆನಿಗೇ ದೂರು ಕೊಡು. ಅಲ್ಲಿ ಬಗೆಹರಿಯದಿದ್ದರೆ ಇಂತಹ ತಕರಾರು ಬಗೆಹರಿಸುವ ಎರಡು ಸಂಸ್ಥೆಗಳಲ್ಲಿ ಅವರು ಯಾವುದರ ಸದಸ್ಯರೋ ನೋಡಿ, ಕಮ್ಯುನಿಕೇಶನ್ಸ್ ಓಂಬುಡ್ಸ್‌ಮನ್ ಅಥವಾ ಸಿಸಾಸ್‌ಗೆ ಒಯ್ಯಬಹುದು, ಖರ್ಚಿಲ್ಲ. ಆಫ್‌ಕಾಮ್‌ಗೆ ಬರೆದು ಕಾಯುತ್ತಾ ಕೂರಬೇಡ, ಅವರು ಒಬ್ಬೊಬ್ಬರ ಜಗಳ ಬಿಡಿಸುವವರಲ್ಲ.

ಇನ್ನು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಬರಲಿರುವ ನಿನ್ನ ಚಿಕ್ಕಮ್ಮನ ಮಗಳ ವಿಷಯ. ಫೋನನ್ನು ಹಂಪನಕಟ್ಟೆಯಲ್ಲೇ ಕೊಂಡು ಬರಲಿ, ಬ್ರಿಟನ್ನಿಗೆ ಬಂದು ಸಿಮ್ ಮಾತ್ರ ತೆಗೆದುಕೊಳ್ಳಲಿ. ಗಿಫ್‌ಗ್ಯಾಫ್, ಲೆಬಾರಾ, ಸ್ಮಾರ್ಟಿ ಮುಂತಾದವರು ತಿಂಗಳು ತಿಂಗಳಿಗೆ ಮುಗಿಯುವ ಸಿಮ್ ಕೊಡುತ್ತಾರೆ, ಬೇಡವಾದ ತಿಂಗಳು ಬಿಡಬಹುದು. ಎಲ್ಲಿ ಮನೆ, ಯಾವ ವಾರ್ಡು, ಎಷ್ಟು ವರ್ಷ ಎಂಬುದೇ ಗೊತ್ತಿಲ್ಲದ ಹೊತ್ತಿನಲ್ಲಿ 24 ತಿಂಗಳಿಗೆ ಸಹಿ ಹಾಕುವುದು ಬೇಡ. ಹೊಸ ಫೋನಿನ ಆಸೆ ತಡೆಯಲಾಗದಿದ್ದರೆ ಆನ್‌ಲೈನಿನಲ್ಲಿ ಕೊಳ್ಳಲಿ: ಮನಸ್ಸು ಬದಲಾದರೆ ರದ್ದು ಮಾಡಲು ಕಾನೂನು 14 ದಿನ ಕೊಡುತ್ತದೆ. ಅಂಗಡಿಯಲ್ಲಿ ನಿಂತು ಸಹಿ ಹಾಕಿದ ಸೇವೆಯ ಒಪ್ಪಂದಕ್ಕೆ ಆ ಹಕ್ಕು ಇಲ್ಲ, ಹಿಂದಕ್ಕೆ ತೆಗೆದುಕೊಳ್ಳುವುದು ಬಿಡುವುದು ಅಂಗಡಿಯವರ ಮರ್ಜಿ.