ಸೂರ್ಯಕಾಂತಿಗೆ ಗಿಳಿ ಕಾಟ: ಡ್ರೋನ್ ಕೊಳ್ಳುವ ಮುನ್ನ

ಅಣ್ಣನವರೇ, ಗೌರಿಬಿದನೂರಿನ ಕಡೆಯ ನಿಮ್ಮ ಎರಡು ಎಕರೆ ಸೂರ್ಯಕಾಂತಿಗೆ ಗಿಳಿಗಳ ಹಿಂಡು ಬೀಳುತ್ತಿದೆ, ಡ್ರೋನ್ ಕೊಂಡರೆ ಕಾವಲು ತಪ್ಪುವುದೇ ಎಂದು ಕೇಳಿದ್ದೀರಿ. ತಪ್ಪುವುದಿಲ್ಲ. ಕಾಯುವವರ ಕೈಗೆ ತಮಟೆ, ಪಟಾಕಿಗಳಿಗಿಂತ ಉತ್ತಮವಾದ ಸಾಧನವೊಂದು ಸಿಗುತ್ತದೆ, ಅಷ್ಟೇ.

ಕಾಳು ಹಾಲುಗಟ್ಟುವಾಗ ಬರತೊಡಗುವ ಗಿಳಿಗಳು ಕೊಯ್ಲಿನವರೆಗೂ ಬಿಡುವುದಿಲ್ಲ, ಮತ್ತು ಹೆಚ್ಚಿನ ಹಾನಿ ಮುಂಜಾನೆ ಹಾಗೂ ಸಂಜೆಯ ಹೊತ್ತಿನಲ್ಲೇ ಆಗುತ್ತದೆ. ಸಣ್ಣ ಕ್ಯಾಮೆರಾ ಡ್ರೋನಿನ ಒಂದು ಬ್ಯಾಟರಿ 20ರಿಂದ 30 ನಿಮಿಷ ಬರುವುದರಿಂದ, ಈ ಎರಡು ಹೊತ್ತಿಗೆ ಚಾರ್ಜ್ ಉಳಿಸಿಕೊಂಡು, ಹಿಂಡು ಇಳಿಯುವ ಮೊದಲೇ ಅದಕ್ಕೆ ಎದುರಾಗಿ ಹಾರಿಸುವುದು ಲೇಸು. ಹೊಲದ ರುಚಿ ಹತ್ತಿದ ಹಿಂಡನ್ನು ಎಬ್ಬಿಸುವುದು ಬಹಳ ಕಷ್ಟ. ದಿನವೂ ಒಂದೇ ಹೊತ್ತಿಗೆ ಒಂದೇ ಜಾಡಿನಲ್ಲಿ ಹಾರಿಸಿದರೆ ಅದೂ ಬೆರ್ಚಪ್ಪನಂತೆಯೇ ಆಗಿಬಿಡುತ್ತದೆ. ಆದ್ದರಿಂದ ದಿಕ್ಕು, ಎತ್ತರ, ವೇಗಗಳನ್ನು ಬದಲಿಸುತ್ತಿರಿ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದವರು ದ್ರಾಕ್ಷಿ ತೋಟಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಡ್ರೋನ್ ಹಾರಾಟದಿಂದ ಹಕ್ಕಿಗಳ ಸಂಖ್ಯೆ ಸುಮಾರು ಕಾಲುಭಾಗಕ್ಕೆ ಇಳಿದಿತ್ತು. ಅಲ್ಲಿಯೂ ಹಕ್ಕಿಗಳು ಪೂರ್ತಿ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ.

ಹಿಂಡು ಎದ್ದ ಮೇಲೆ ಬೆನ್ನಟ್ಟಬೇಡಿ. ಮರದ ಪೊಟರೆಗಳಲ್ಲಿ ಗೂಡಿದ್ದರೆ ಆ ಕಡೆ ಹೋಗಲೇಬೇಡಿ, ಹದ್ದು ಸುತ್ತತೊಡಗಿದರೆ ಕೂಡಲೇ ಇಳಿಸಿಬಿಡಿ. ಗಿಳಿಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೆಲವರು ಸೂಚಿಸಿದಂತೆ ಔಷಧಿ ಸಿಂಪಡಿಸುವ ಡ್ರೋನನ್ನು ಬಾಡಿಗೆಗೆ ತರುವುದು ನನಗೆ ಸರಿಕಾಣುವುದಿಲ್ಲ: ಅದು ಭಾರವಾದದ್ದು, ಬ್ಯಾಟರಿ ಬೇಗ ಮುಗಿಯುತ್ತದೆ, ದಿನಕ್ಕೆರಡು ಬಾರಿ ಕರೆಸಿದರೆ ಬಾಡಿಗೆಯೇ ಬೆಳೆಯನ್ನು ತಿನ್ನುತ್ತದೆ.

2021ರ ಡ್ರೋನ್ ನಿಯಮಗಳ ಪ್ರಕಾರ 2 ಕಿಲೋವರೆಗಿನ ಡ್ರೋನನ್ನು ವಾಣಿಜ್ಯೇತರ ಕೆಲಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ಆದರೆ ನೋಂದಣಿ ಬೇಕು. ಹಸಿರು ವಲಯದಲ್ಲಿ, ಅಂದರೆ ಮುಂಚಿತ ಅನುಮತಿಯಿಲ್ಲದೆ ಹಾರಿಸಬಹುದಾದ ಪ್ರದೇಶದಲ್ಲಿ, ಎತ್ತರದ ಮಿತಿ 400 ಅಡಿ. ನಿಮ್ಮ ಕೆಲಸಕ್ಕೆ ಅಷ್ಟು ಎತ್ತರವೇನೂ ಬೇಕಾಗದು. ನಿಮ್ಮ ಹೊಲ ಯಾವ ವಲಯದಲ್ಲಿದೆ ಎಂಬುದನ್ನು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನೋಡಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಹೊಲದಿಂದ ಎದ್ದ ಹಿಂಡು ಪಕ್ಕದವರ ಹೊಲದಲ್ಲಿ ಇಳಿಯುತ್ತದೆ. ಸುತ್ತಲಿನ ನಾಲ್ಕೈದು ಮಂದಿ ಒಂದೇ ವಾರದಲ್ಲಿ ಬಿತ್ತಿ, ಡ್ರೋನನ್ನು ಪಾಲಿನಲ್ಲಿ ಕೊಂಡು, ಸರದಿಯಂತೆ ಹಾರಿಸಿದರೆ ಖರ್ಚೂ ಹಂಚಿಹೋಗುತ್ತದೆ, ಹಾನಿಯೂ ಒಬ್ಬರ ತಲೆಗೇ ಬರುವುದಿಲ್ಲ. ನೀವು ಹೇಳಿದ ಅರ್ಧ ಎಕರೆ ದ್ರಾಕ್ಷಿಗೆ ಮಾತ್ರ ಡ್ರೋನನ್ನು ನಂಬದೆ, ಹಣ್ಣು ಬಣ್ಣ ತಿರುಗುವ ಮೊದಲೇ ಬಲೆ ಹಾಕಿಸಿ; ಹಕ್ಕಿ ಸಿಕ್ಕಿಕೊಳ್ಳದಂತೆ ಅದನ್ನು ಬಿಗಿಯಾಗಿ ಎಳೆದು ಕಟ್ಟಿಸಿ.