ಡಿಸ್ಚಾರ್ಜ್ ಬುಕ್ಕಿನಲ್ಲಿ ತಾಯಿಯವರ ಹೆಸರಿನ ತಿದ್ದುಪಡಿ

ಮಾನ್ಯರೇ, ಭೂಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಿಂದ ನಿವೃತ್ತರಾದ ನಿಮ್ಮ ತಂದೆಯವರ ಡಿಸ್ಚಾರ್ಜ್ ಬುಕ್ಕಿನಲ್ಲಿ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ವಿವರಗಳ ಪುಸ್ತಿಕೆ) ತಾಯಿಯವರ ಹೆಸರು ‘ಕಮಲಾ’ ಎಂದೂ ಆಧಾರ್‌ನಲ್ಲಿ ‘ಕಮಲಮ್ಮ’ ಎಂದೂ ಇರುವುದರಿಂದ ಮುಂದೆ ಕುಟುಂಬ ಪಿಂಚಣಿಗೆ ತೊಡಕಾದೀತೇ ಎಂದು ಕೇಳಿದ್ದೀರಿ. ಆಗುವ ಸಂಭವವಿದೆ. ತಂದೆಯವರು ತಾವೇ ಅರ್ಜಿಗೆ ಸಹಿ ಹಾಕಬಲ್ಲ ಈಗಲೇ ಸರಿಪಡಿಸಿಕೊಳ್ಳುವುದು ಲೇಸು. ಅವರ ಕಾಲಾನಂತರ ಪುರಾವೆ ಒದಗಿಸುವ ಹೊರೆಯೆಲ್ಲ ತಾಯಿಯವರ ಮೇಲೆ ಬೀಳುತ್ತದೆ.

ಪಿಂಚಣಿ ಜಮೆಯಾಗುವ ಬ್ಯಾಂಕಿನವರು ಸೇವಾ ದಾಖಲೆಯನ್ನು ತಿದ್ದಲಾರರು. ಆ ಅಧಿಕಾರ ಸೈನಿಕರ ಸೇವಾ ದಾಖಲೆಗಳನ್ನು ಇಟ್ಟುಕೊಳ್ಳುವ ಸೇನೆಯ ರೆಕಾರ್ಡ್ ಆಫೀಸಿನದು. ನಿಮ್ಮ ಸಂದರ್ಭದಲ್ಲಿ ಅದು ಬೆಂಗಳೂರಿನಲ್ಲೇ ಇದೆ. ಆರ್ಮಿ ನಂಬರು, ಹುದ್ದೆ ಮತ್ತು ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಸಂಖ್ಯೆಯನ್ನು ನಮೂದಿಸಿದ ಅರ್ಜಿಯೊಂದಿಗೆ ಡಿಸ್ಚಾರ್ಜ್ ಬುಕ್ಕಿನ ಪ್ರತಿ, ಆಧಾರ್, ಪ್ಯಾನ್ ಹಾಗೂ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳುಹಿಸುವುದು ವಾಡಿಕೆ. ಅಫಿಡವಿಟ್ಟಿನಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತ ಆಧಾರ್‌ನಲ್ಲಿರುವಂತೆಯೇ, ಕೊನೆಯಲ್ಲಿ ಒಂದು ‘ಎ’ ಹೆಚ್ಚು ಕಡಿಮೆಯಾಗದಂತೆ ಇರಲಿ. ಟೈಪಿಸ್ಟರ ಕೈಚಳಕದಿಂದ ಮೂರನೆಯ ರೂಪವೊಂದು ಹುಟ್ಟಿಕೊಂಡರೆ ಕಡತ ಮತ್ತೆ ವಾಪಸು ಬರುತ್ತದೆ.

ಒಪ್ಪಿಗೆಯಾದ ಮೇಲೆ ರೆಕಾರ್ಡ್ ಆಫೀಸು ಪಾರ್ಟ್ ಟು ಆರ್ಡರ್, ಅಂದರೆ ಬದಲಾವಣೆಯನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ, ಹೊರಡಿಸುತ್ತದೆ. ಅಷ್ಟಕ್ಕೇ ನಿಲ್ಲಿಸದೆ, ಅದರ ಆಧಾರದ ಮೇಲೆ ಪಿ.ಪಿ.ಒ.ಗೂ ತಿದ್ದುಪಡಿ ಆದೇಶವಾಗಿದೆಯೇ ಎಂಬುದನ್ನು ರಕ್ಷಣಾ ಪಿಂಚಣಿಗಳ ಆನ್‌ಲೈನ್ ತಾಣವಾದ ಸ್ಪರ್ಶ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಮೂಲ ಡಿಸ್ಚಾರ್ಜ್ ಬುಕ್ಕಿನ ಮೇಲೆ ಮಾತ್ರ ಯಾರೂ ಪೆನ್ನು ತಾಗಿಸದಿರಲಿ.