ಕಪ್ಪಾಗದ ಬೆಳ್ಳಿಗೆ ಪೇಟೆಂಟ್ ಇದೆಯಂತೆ, ಪೀಚೆಕತ್ತಿ ಒರೆಗೆ ಬಳಸಬಹುದಾ?

ಪ್ರಶ್ನೆ ವಿರಾಜಪೇಟೆಯದು. ಕೊಡವರು ಸೊಂಟಕ್ಕೆ ಸಿಗಿಸುವ ಕಿರುಗತ್ತಿ ಪೀಚೆಕತ್ತಿಯ ಬೆಳ್ಳಿ ಒರೆ, ಸರಪಳಿ ಮಾಡುವವರಿಗೆ ನಮ್ಮ ಮಳೆಗಾಲದ ತೇವದಲ್ಲಿ 925 ಬೆಳ್ಳಿ (ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ತಾಮ್ರ) ಬೇಗ ಕಪ್ಪಾಗುವ ತಲೆನೋವು. ಸುಲಭಕ್ಕೆ ಕಪ್ಪಾಗದ, ಜರ್ಮೇನಿಯಂ ಎಂಬ ಧಾತು ಬೆರೆಸಿದ ಬೆಳ್ಳಿಗೆ ಹೋಗೋಣ ಎಂದರೆ ‘ಪೇಟೆಂಟ್ ಇದೆ, ಕೇಸ್ ಬೀಳುತ್ತೆ’ ಅಂತ ಯಾರೋ ಹೆದರಿಸಿದ್ದಾರೆ.

ಹೆದರಿಕೆ ಅರ್ಧ ಸರಿ. ಪೇಟೆಂಟ್‌ದಾರರಿಂದಲೋ ಅವರ ಲೈಸೆನ್ಸ್ ಇರುವವರಿಂದಲೋ ತಗಡು, ತಂತಿ, ಕಾಳು ಕೊಂಡು ಒಡವೆ ಮಾಡಿ ಮಾರಿದರೆ ಇನ್ನೊಂದು ಅನುಮತಿ ಬೇಡ. ಬಿಲ್ ಜೋಪಾನ ಮಾಡಿ. ಅದೇ ಪ್ರಮಾಣ ನೋಡಿ ನಿಮ್ಮ ಮೂಸೆಯಲ್ಲೇ ಬೆರೆಸಿದರೆ, ಆ ಪೇಟೆಂಟ್ ಭಾರತದಲ್ಲಿ ಜಾರಿಯಲ್ಲಿದ್ದರೆ, 1970ರ ಪೇಟೆಂಟ್ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಅದು ಉಲ್ಲಂಘನೆ. 50 ಗ್ರಾಂ ಆದರೂ ಅಷ್ಟೇ, 50 ಕಿಲೋ ಆದರೂ ಅಷ್ಟೇ. ಪ್ರಯೋಗಕ್ಕೆಂದು ಮಾಡಿ ನೋಡಲು 47ನೇ ಸೆಕ್ಷನ್ ಬಿಡುತ್ತದೆ, ಮಾರಲು ಬಿಡುವುದಿಲ್ಲ. ‘ಗೊತ್ತಿರಲಿಲ್ಲ’ ಎಂದು ಸಾಬೀತು ಮಾಡಿದರೆ 111ನೇ ಸೆಕ್ಷನ್‌ನಡಿ ಪರಿಹಾರ ಕೊಡುವುದು ತಪ್ಪಬಹುದು. ಕೆಲಸ ನಿಲ್ಲಿಸಿ ಎಂಬ ತಡೆಯಾಜ್ಞೆ ತಪ್ಪುವುದಿಲ್ಲ.

92.5 ಭಾಗ ಬೆಳ್ಳಿ, 7.5 ಭಾಗ ತಾಮ್ರ ಯಾರ ಸ್ವತ್ತೂ ಅಲ್ಲ. ಕೊಡವರ ಒಡವೆಗಳಾದ ಜೋಮಾಲೆ, ಪತ್ತಾಕ್‌ಗೆ ಹಾಕುವ ಮಾಮೂಲಿ 916 ಚಿನ್ನವೂ ಹಾಗೆಯೇ.

ಜಾರಿಯಲ್ಲಿದೆಯೋ ಇಲ್ಲವೋ ನೋಡುವುದು ಕಷ್ಟವಲ್ಲ. ಪೇಟೆಂಟ್ ಆಯಾ ದೇಶಕ್ಕೆ ಮಾತ್ರ. ಅಮೆರಿಕದ ಸಂಖ್ಯೆ ತೋರಿಸಿದರೆ ಇಲ್ಲಿ ಏನೂ ಆಗುವುದಿಲ್ಲ. ‘ಡಬ್ಲ್ಯುಓ’ ಎಂದು ಶುರುವಾಗುವುದು ಬರೀ ಅಂತರರಾಷ್ಟ್ರೀಯ ಅರ್ಜಿ, ಪೇಟೆಂಟೇ ಅಲ್ಲ. ಅಂಥ ಅರ್ಜಿ ಆದ್ಯತಾ ದಿನಾಂಕದಿಂದ (ಮೊದಲ ಅರ್ಜಿ ಹಾಕಿದ ದಿನದಿಂದ) 31 ತಿಂಗಳೊಳಗೆ ಭಾರತಕ್ಕೆ ಬರಬೇಕು. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಹುಡುಕಾಟ ಉಚಿತ. ಅರ್ಜಿದಾರರ ಹೆಸರು ಹಾಕಿ; ಸಿಗದಿದ್ದರೆ ವರ್ಗೀಕರಣ ಸಂಖ್ಯೆ ಹಾಕಿ, ಬೆಳ್ಳಿ ಮಿಶ್ರಲೋಹಕ್ಕೆ ಸಿ22ಸಿ 5/06, ಚಿನ್ನಕ್ಕೆ ಸಿ22ಸಿ 5/02. ಸಿಕ್ಕಿದ ಮೇಲೆ ಎರಡು ನೋಡಿ: ಅರ್ಜಿ ಹಾಕಿ 20 ವರ್ಷ ಆಯಿತೇ, ನವೀಕರಣ ಶುಲ್ಕ ಕಟ್ಟಿದ್ದಾರೆಯೇ. ಶುಲ್ಕ ಕಟ್ಟದೆ ಬಿದ್ದುಹೋದವೂ ಇರುತ್ತವೆ. ಜರ್ಮೇನಿಯಂ ಬೆಳ್ಳಿ ಹೊರಬಂದದ್ದು ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಜಾನ್ಸ್ 1990ರ ದಶಕದಲ್ಲಿ ಮಾಡಿದ ಕೆಲಸದಿಂದ. ಆ ದಶಕದ ಅರ್ಜಿಗಳ ಅವಧಿ ಮುಗಿದಿದೆ. ಆಮೇಲಿನ ಸುಧಾರಣೆಗಳ ಅರ್ಜಿಗಳನ್ನು ಒಂದೊಂದಾಗಿ ನೋಡಬೇಕು.

ಓದುವಾಗ ಶೀರ್ಷಿಕೆ, ಸಾರಾಂಶ ಬಿಡಿ, ಕ್ಲೇಮ್ 1, ಅಂದರೆ ಯಾವುದರ ಮೇಲೆ ಹಕ್ಕು ಎಂದು ಹೇಳುವ ಮೊದಲ ಅಂಶ, ತೆಗೆಯಿರಿ. ಅಲ್ಲಿ ಹೇಳಿದ ಎಲ್ಲ ಲೋಹಗಳೂ ಹೇಳಿದ ಮಿತಿಯೊಳಗೆ ನಿಮ್ಮ ಮಿಶ್ರಣದಲ್ಲಿದ್ದರೆ ಸಿಕ್ಕಿಬಿದ್ದಿರಿ. ಒಂದು ಅಂಶ ಪೂರ್ತಿ ಇಲ್ಲದಿದ್ದರೆ ಸಾಮಾನ್ಯವಾಗಿ ಆ ಕ್ಲೇಮ್ ತಾಗುವುದಿಲ್ಲ. ಮಿತಿಯ ಅಂಚಿನಿಂದ ಕೂದಲೆಳೆ ಆಚೆ ಇಟ್ಟು ಜಾಣತನ ತೋರಿಸುವುದು ಮಾತ್ರ ಬೇಡ, ಅದು ವಕೀಲರಿಗೆ ಕೆಲಸ ಕೊಡುವ ದಾರಿ.

ನನ್ನ ಪ್ರಕಾರ ಲೋಹಕ್ಕಿಂತ ಹೆಸರು ಹೆಚ್ಚು ಅಪಾಯ. ಪೇಟೆಂಟ್ 20 ವರ್ಷಕ್ಕೆ ಸಾಯುತ್ತದೆ, ಟ್ರೇಡ್‌ಮಾರ್ಕ್ ನವೀಕರಿಸಿದಷ್ಟು ಕಾಲ ಬದುಕುತ್ತದೆ. ಈ ಜರ್ಮೇನಿಯಂ ಬೆಳ್ಳಿಯನ್ನು ಮಾರುವ ‘ಆರ್ಜೆಂಟಿಯಂ’ ಎಂಬ ಹೆಸರು ಟ್ರೇಡ್‌ಮಾರ್ಕ್. ಬೇರೆ ಕಡೆಯ ಲೋಹಕ್ಕೆ ಆ ಹೆಸರು ಹಾಕಿ ವಾಟ್ಸಾಪ್‌ನಲ್ಲಿ ಫೋಟೋ ಬಿಟ್ಟರೂ ತಪ್ಪೇ. ‘ಜರ್ಮೇನಿಯಂ ಬೆರೆಸಿದ 925 ಬೆಳ್ಳಿ’ ಎಂದು ಬರೆಯಿರಿ, ಸಾಕು. ಇನ್ನೂ ಶುದ್ಧವಾದ 935 ಬೆಳ್ಳಿ ತಂದರೂ ಹಾಲ್‌ಮಾರ್ಕ್ ಬೀಳುವುದು 925 ಎಂದೇ. ಹೊರದೇಶದಲ್ಲಿರುವ ಕೊಡವರು ಆರ್ಡರ್ ಕೊಟ್ಟು ಕಳಿಸುವುದಾದರೆ ಆ ದೇಶದ ಪೇಟೆಂಟನ್ನೂ ನೋಡಿ.

ಕಾನೂನು ಸರಿಯಿದ್ದರೂ ಮೂಸೆಯಲ್ಲಿ ನೀವೇ ಬೆರೆಸುವುದು ಬೇಡ ಎನ್ನುತ್ತೇನೆ. ಬೇಕಾದ ಜರ್ಮೇನಿಯಂ ಶೇ. 1ರ ಆಸುಪಾಸು. ತೆರೆದ ಮೂಸೆ, ಗ್ಯಾಸ್ ಜ್ವಾಲೆಯಲ್ಲಿ ಒಂದಿಷ್ಟು ಆಕ್ಸೈಡ್ ಆಗಿ ಹೋಗುತ್ತದೆ, ಉಳಿದದ್ದು ಸಮನಾಗಿ ಹರಡದೆ ತಗಡು ಬಿರಿಯುತ್ತದೆ. ಹಳೇ 925 ಚೂರು ಸೇರಿಸಿದರೆ ಜರ್ಮೇನಿಯಂ ಪ್ರಮಾಣ ಇಳಿದು ಗುಣವೂ ಹೋಗುತ್ತದೆ. ಚೂರು, ಅರದ ಪುಡಿ ಎರಡನ್ನೂ ಬೇರೆ ಡಬ್ಬಿಯಲ್ಲಿಡಿ.

ತಗಡು ತಂದು ಕೆಲಸ ಮಾಡುವಾಗ ಗಮನಿಸಿ: ಕೆಂಪು ಬಿಸಿಯಲ್ಲಿ ಇದು ಪೆಡಸು. ಇಕ್ಕಳದಲ್ಲಿ ಎತ್ತಿದರೆ ಅಥವಾ ನೀರಿಗೆ ಅದ್ದಿದರೆ ಸೀಳುತ್ತದೆ. ಕೆಂಪು ಪೂರ್ತಿ ಆರುವವರೆಗೆ ಕಾಯಿರಿ. ಒರೆಯಂಥ ಉದ್ದನೆಯ ತುಂಡು ಬಿಸಿಗೆ ಜೋಲುತ್ತದೆ, ಕೆಳಗೆ ಪೂರ್ತಿ ಆಸರೆ ಕೊಡಿ. ಕಾದಾಗ ಬಣ್ಣ ಮಾಮೂಲಿ 925ರಷ್ಟು ಗಾಢವಾಗುವುದಿಲ್ಲ. ಬೆಳಕು ಕಡಿಮೆ ಮಾಡಿ, ಮಸುಕು ಕೆಂಪು ಕಂಡಾಗಲೇ ಜ್ವಾಲೆ ತೆಗೆಯಿರಿ. ಬೆಸುಗೆ ಮುಗಿಸಿ, ಆಮ್ಲದಲ್ಲಿ ತೊಳೆದು, 300 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 45 ನಿಮಿಷದಿಂದ ಒಂದು ಗಂಟೆ ಇಟ್ಟು ತಾನಾಗಿ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಕಲ್ಲು ಕೂರಿಸುವುದು ಅದರ ನಂತರ.

ಇಷ್ಟೆಲ್ಲ ಬೇಡ ಅನಿಸಿದರೆ ಮಾಮೂಲಿ 925ರಲ್ಲೇ ದಾರಿ ಇದೆ. ಬಿಸಿ ಮಾಡುವ ಮೊದಲು ಬೋರಿಕ್ ಆಮ್ಲ ಕಲಸಿದ ಸ್ಪಿರಿಟ್‌ಗೆ ಅದ್ದಿ, ಸ್ಪಿರಿಟ್ ಬಾಟಲಿ ದೂರವಿಟ್ಟು ಮೇಲಿನದನ್ನು ಉರಿಸಿಬಿಡಿ. ಬಿಳಿ ಪದರ ಉಳಿದು ಬೆಂಕಿಕಲೆ (ಬಿಸಿಗೆ ತಾಮ್ರ ಆಕ್ಸೈಡ್ ಆಗಿ ಮೂಡುವ ಕಲೆ) ತಡೆಯುತ್ತದೆ. ಕೆಲಸ ಮುಗಿದ ಮೇಲೆ ಮೇಲ್ಮೈ ಕಪ್ಪಾಗುವಷ್ಟು ಕಾಯಿಸಿ, ಬೆಚ್ಚಗಿನ ಸಿಟ್ರಿಕ್ ಆಮ್ಲದಲ್ಲಿ ಬಿಟ್ಟು, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮೇಲ್ಪದರದ ತಾಮ್ರ ಹೋಗಿ ಬರೀ ಬೆಳ್ಳಿ ಉಳಿಯುತ್ತದೆ, ನಿಧಾನ ಕಪ್ಪಾಗುತ್ತದೆ. ಆಮೇಲೆ ಜೋರಾಗಿ ಬಫ್ ಮಾಡಬೇಡಿ, ಆ ಪದರ ತೆಳು. (ಆಮ್ಲದ ಬದಲು ಕೊಡಗಿನ ಹುಳಿರಸ ಕಾಚಂಪುಳಿ ಹಾಕಬಹುದಾ ಅಂತ ಕೇಳುವವರಿಗೆ: ಅದು ಪಂದಿಕರಿಗೇ ಇರಲಿ.) ಕೊಡುವಾಗ ಗಾಳಿಯಾಡದ ಕವರ್‌ನಲ್ಲಿ ಹಾಕಿ ಕೊಡಿ, ಆದರೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿರುವ ಗಂಧಕವೇ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.